ಓದದೆ ಬಿಟ್ಟ ಕೊನೆಯ ಸಾಲು

ಮನೆ, ಕಿಟಕಿ ಪಕ್ಕದ ಮೇಜು
ಜೂನ್ ೯, ಮಂಗಳವಾರ

ಪ್ರೀತಿಯ ತಂಗೀ,

ಎಂಟು ವರ್ಷದ ಹಿಂದೆ, ಮಾರ್ಚ್ ಹದಿನೇಳು, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಪ್ರೆಸ್ಸಿನ ಊಟದ ಕೋಣೆಯಲ್ಲಿ ಎಪ್ಪತ್ತು ಜನರ ಮುಂದೆ ನಾನು ನಿನ್ನನ್ನು ಸುಳ್ಳುಗಾತಿ ಮಾಡಿದೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟರೆ ಆಮೇಲೆ ನುಣುಚಿಕೊಳ್ಳಲು ದಾರಿ ಇರುವುದಿಲ್ಲ ಅಂತ ಹೀಗೆ ಶುರುಮಾಡಿದ್ದೇನೆ. ಈಗ ಕೇಳುತ್ತೇನೆ: ಹೇಗಿದ್ದೀಯ? ಬೆನ್ನು ಹೇಗಿದೆ? ಫೋನಿನಲ್ಲಿ ನೀನು 'ಇದ್ದೀನಿ ಅಣ್ಣ' ಅನ್ನುತ್ತೀಯ, ನಾನು 'ಹ್ಞೂಂ, ಜೋಪಾನ' ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಈ ಎಂಟು ವರ್ಷದಲ್ಲಿ ಬೆನ್ನು ಎಂಬ ಪದವನ್ನು ನಾನು ಒಮ್ಮೆಯೂ ಬಾಯಿಗೆ ತಂದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನೆಟ್ಟಗಾಗಲು ಈಗಲೂ ಗೋಡೆ ಹಿಡಿಯಬೇಕಾ? ಮಗಳ ಮನೆಯ ಅಡುಗೆಕಟ್ಟೆ ನಿನ್ನ ಎತ್ತರಕ್ಕೆ ಸರಿಯಿದೆಯಾ? ಮೊಮ್ಮಗಳನ್ನು ಎತ್ತಿಕೊಳ್ಳಲು ಆಗುತ್ತದಾ, ಇಲ್ಲ ಕೂತಲ್ಲಿಗೇ ಕರೆಸಿಕೊಳ್ಳುತ್ತೀಯಾ? ಎಲ್ಲವನ್ನೂ ವಿವರವಾಗಿ ಬರೆ. ಬರೀ 'ಇದ್ದೀನಿ' ಅಂತ ಬರೆದರೆ ನಾನು ಒಪ್ಪುವುದಿಲ್ಲ.

ಇನ್ನು ನನ್ನ ಸಮಾಚಾರ. ನಮ್ಮ ಬೀದಿಯ ಚರಂಡಿಗೆ ಮುಚ್ಚಳ ಹಾಕುತ್ತೇವೆಂದು ಇಪ್ಪತ್ತೆರಡು ವರ್ಷದ ಹಿಂದೆ ಪುರಸಭೆಯವರು ಪತ್ರಿಕೆಯಲ್ಲಿ ಕೊಟ್ಟಿದ್ದ ಮಾತನ್ನು ಅವರ ಮುಖಕ್ಕೆ ಹಿಡಿಯಬೇಕಿತ್ತು. ಅದಕ್ಕೆಂದು ಏಪ್ರಿಲ್ ಕೊನೆಯಲ್ಲಿ ಅಟ್ಟದಿಂದ ಹಳೆಯ ಪತ್ರಿಕೆಗಳ ಕಟ್ಟು ಇಳಿಸುವಾಗ ಸೊಂಟ ಹಿಡಿದುಕೊಂಡಿತು. 'ಚರಂಡಿಗೆ ಮುಚ್ಚಳ ಬೀಳೋ ಮುಂಚೆ ನೀವೇ ಬಿದ್ರಲ್ಲ' ಅಂದಳು ನಿನ್ನ ಅತ್ತಿಗೆ. ಎರಡು ವಾರವಾದರೂ ಬಿಡದಿದ್ದಾಗ ಸ್ಕ್ಯಾನ್ ಮಾಡಿಸಿದೆವು. ವರದಿ ಬಂತು, ಒಂದೂವರೆ ಪುಟ. ಡಿಸ್ಕ್ ಸವೆದಿದೆ, ಎರಡು ಕಡೆ ಉಬ್ಬಿದೆ, ಮೂಳೆಯ ಅಂಚಿನಲ್ಲಿ ಮುಳ್ಳು ಬೆಳೆದಿದೆ, ನರ ಹೋಗುವ ದಾರಿ ಕಿರಿದಾಗಿದೆ. ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನು ನಾನು. ನಿಘಂಟು ಹಿಡಿದು ಒಂದೊಂದು ಪದವನ್ನೂ ಬಿಡಿಸಿದೆ. ಬಿಡಿಸಿದಷ್ಟೂ ಹೆದರಿಕೆ ಹೆಚ್ಚಿತು. ತಮಾಷೆಯೆಂದರೆ ವರದಿ ಕೈಗೆ ಬರುವ ಹೊತ್ತಿಗೆ ನೋವು ಮುಕ್ಕಾಲು ಇಳಿದಿತ್ತು. ಆದರೂ ಹಾಸಿಗೆ ಹಿಡಿದೆ. ಬಗ್ಗುವುದನ್ನು ಬಿಟ್ಟೆ, ಕಾಲುಚೀಲ ಹಾಕಿಸಿಕೊಂಡೆ, ನೋಡಲು ಬಂದವರಿಗೆಲ್ಲ ವರದಿಯನ್ನು ಓದಿ ಅರ್ಥ ಹೇಳಿದೆ. ಹತ್ತನೆಯ ದಿನ ನಿನ್ನ ಅತ್ತಿಗೆ ತಟ್ಟೆಯನ್ನು ಮಂಚದ ಮೇಲಿಟ್ಟು ಅಂದಳು: 'ನಿಮ್ಮ ವರದಿ ಕೆಟ್ಟಿದೆ, ಅದಕ್ಕೆ ನೀವು ಮಲಗಬಹುದು. ನಿಮ್ಮ ತಂಗಿ ವರದಿ ಚೆನ್ನಾಗಿತ್ತು, ಅದಕ್ಕೆ ಅವಳು ನಿಂತೇ ಇರಬೇಕಿತ್ತು. ಯಾರಿಗೆ ನೋವಿದೆ ಅಂತ ಮಾತ್ರ ಈ ಮನೇಲಿ ಯಾರೂ ಕೇಳಲ್ಲ.' ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ತಿರುಗುವಾಗ ನೋವಾಗಲಿಲ್ಲ ಎಂಬುದು ಆಗಲೇ ಗೊತ್ತಾಯಿತು.

ಮರುದಿನ ಮೂಳೆ ಡಾಕ್ಟರಮ್ಮನ ಬಳಿ ಹೋದೆ. ಆಕೆ ವರದಿಯನ್ನು ಆಮೇಲೆ ನೋಡಿದರು. ಮೊದಲು ನನ್ನನ್ನು ಬಗ್ಗಿಸಿ, ಹಿಮ್ಮಡಿಯ ಮೇಲೆ ನಡೆಸಿ, ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರು. ಆಮೇಲೆ, 'ಯಜಮಾನ್ರೇ, ಕೂದಲು ಬೆಳ್ಳಗಾದಾಗ ಹಾಸಿಗೆ ಹಿಡಿದಿದ್ರಾ? ಇದೂ ಹಾಗೇ, ಒಳಗಿನ ನರೆ. ನಿಮ್ಮ ವಯಸ್ಸಿನ, ನೋವೇ ಇಲ್ಲದ ಹತ್ತು ಜನರನ್ನ ಆ ಯಂತ್ರದಲ್ಲಿ ಮಲಗಿಸಿದ್ರೆ ಎಂಟು ಜನಕ್ಕೆ ಇಂಥದ್ದೇ ವರದಿ ಬರುತ್ತೆ. ಎದ್ದು ಓಡಾಡಿ' ಅಂದರು. ಏಳುವ ಮುಂಚೆ ಕೇಳಿದೆ: ನನ್ನ ಪರಿಚಯದವರೊಬ್ಬರಿಗೆ ಸ್ಕ್ಯಾನಿನಲ್ಲಿ ಏನೂ ಬರಲಿಲ್ಲ, ನೋವು ಮಾತ್ರ ವರ್ಷಗಳಿಂದ ಇದೆ, ಅದು ಹೇಗೆ? ತಂಗಿ ಅನ್ನಲು ನಾಲಿಗೆ ಹೊರಳಲಿಲ್ಲ. 'ಸ್ಕ್ಯಾನು ಆಕಾರ ತೋರಿಸುತ್ತೆ, ನೋವು ತೋರಿಸಲ್ಲ. ಅದೂ ಮಲಗಿಸಿ ತೆಗೆದ ಚಿತ್ರ. ಅವರಿಗೆ ನೋವು ಬರೋದು ಯಾವಾಗ?' ನಿಂತಾಗ ಅಂದೆ. 'ನೋಡಿ ಮತ್ತೆ. ವರ್ಷಗಟ್ಟಲೆ ನೋವು ತಿಂದ ನರಗಳು ಸಣ್ಣದಕ್ಕೂ ಕೂಗಿಕೊಳ್ತವೆ, ಅದೂ ಚಿತ್ರಕ್ಕೆ ಬೀಳಲ್ಲ. ಅವರಿಗೆ ಏನೂ ಆಗಿಲ್ಲ ಅಂತ ಯಾರು ಹೇಳಿದ್ದು?' ನಾನು ಗೊತ್ತಿಲ್ಲ ಅಂದೆ. ಇಷ್ಟು ವಯಸ್ಸಾದ ಮೇಲೆ, ಒಬ್ಬ ವೈದ್ಯೆಯ ಎದುರು ಕೂತು, ಗೊತ್ತಿಲ್ಲ ಅಂದೆ.

ಮನೆಗೆ ಬಂದು ನಿನ್ನ ವರದಿಯ ಪ್ರತಿಯನ್ನು ತೆಗೆದೆ. ನಾನು ಯಾವ ಕಾಗದವನ್ನೂ ಎಸೆಯುವವನಲ್ಲ ಎಂದು ನೀನು ಎಷ್ಟು ಸಲ ನಕ್ಕಿದ್ದೀಯ. ಎಲ್ಲ ನೆನಪಾಯಿತು. ಅಚ್ಚಾಗಿ ಮಡಚಿದ ಹಾಳೆಗಳನ್ನು ಪುಟದ ಕ್ರಮದಲ್ಲಿ ಜೋಡಿಸುತ್ತ ಆ ಉದ್ದನೆಯ ಮೇಜಿನ ಸುತ್ತ ಹನ್ನೆರಡು ವರ್ಷ, ಬೆಳಿಗ್ಗೆ ಎಂಟರಿಂದ ಐದರವರೆಗೆ ನೀನು ನಡೆದದ್ದು. ಸಾವಿರಾರು ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚಿದ ಮೇಲೆ ನಿನ್ನ ಬೆನ್ನಿಗೆ ಒಂದು ಎತ್ತರದ ಸ್ಟೂಲು ಕೇಳಿದ್ದು. ಮ್ಯಾನೇಜರು 'ನೋವಿಗೆ ಪುರಾವೆ ತನ್ನಿ, ನಿಮ್ಮ ಸಂಘ ಒಪ್ಪಿದ್ರೆ ಕೊಡೋಣ' ಅಂದದ್ದು, ನೀನು ಸ್ಕ್ಯಾನಿನ ದೊಡ್ಡ ಲಕೋಟೆಯನ್ನು ಎದೆಗವುಚಿಕೊಂಡು ಸಭೆಗೆ ಬಂದದ್ದು. ಆಗ ನಾನು ಕೆಲಸಗಾರರ ಸಂಘದ ಕಾರ್ಯದರ್ಶಿ. ಮೈಕು ಬೇಡದ ಗಂಟಲಿನ ಅಧ್ಯಕ್ಷರು, ಅದೇ ನಮ್ಮ ಮೈಕಣ್ಣ, 'ಕಾರ್ಯದರ್ಶಿಗಳೇ, ಆ ಇಂಗ್ಲಿಷ್ ಪುರಾಣ ಬಿಡಿ, ನಮಗೆ ತಿಳಿಯೋ ಹಾಗೆ ಒಂದೇ ಮಾತಲ್ಲಿ ಹೇಳಿ' ಅಂದರು. ವರದಿಯಲ್ಲಿದ್ದ ಪದ ಅನ್‌ರಿಮಾರ್ಕಬಲ್. ಚಿತ್ರದಲ್ಲಿ ಅಸಹಜವಾದದ್ದು ಕಾಣಲಿಲ್ಲ ಎಂದಷ್ಟೇ ಅದರ ಅರ್ಥ. ನಾನು ಎದ್ದು ನಿಂತು, ಪದಪ್ರಯೋಗದ ಜಂಭದಲ್ಲಿ, 'ಹೇಳಿಕೊಳ್ಳುವಂಥದ್ದೇನೂ ಇಲ್ಲ' ಅಂದೆ. ಕೋಣೆಯೆಲ್ಲ ನಕ್ಕಿತು. ಚಿತ್ರದ ಬಗ್ಗೆ ಇದ್ದ ಮಾತನ್ನು ನಾನು ನಿನ್ನ ಬಗ್ಗೆ ಮಾಡಿಬಿಟ್ಟೆ. ಸ್ಟೂಲು ಬೇಡ ಎಂದು ಅರವತ್ತಮೂರು ಕೈ ಎದ್ದವು, ಒಂದು ನನ್ನದು. ಆಮೇಲೆ ನೀನು ಸೊಂಟಕ್ಕೆ ಕೈಯಿಟ್ಟಾಗಲೆಲ್ಲ 'ಏನಕ್ಕಾ, ಹೇಳ್ಕೊಳ್ಳೋದೇನಿಲ್ವಾ?' ಅಂತ ಮೇಜಿನ ಆ ತುದಿಯಿಂದ ಈ ತುದಿಯವರೆಗೆ ಎಲ್ಲರೂ ಕೇಳುತ್ತಿದ್ದರು. ನೀನು ಒಂದು ತಿಂಗಳು ಕೇಳಿಸಿಕೊಂಡು ಕೆಲಸ ಬಿಟ್ಟೆ. ನನಗೆ ಹೇಳಿದ್ದು 'ಸರಿ ಅಣ್ಣ' ಎಂಬ ಎರಡೇ ಪದ.

ಆ ವರದಿಯ ಕೊನೆಯಲ್ಲಿ ಇನ್ನೊಂದು ಸಾಲಿದೆ, ತಂಗೀ. ರೋಗಿಯ ಲಕ್ಷಣಗಳೊಂದಿಗೆ ಹೊಂದಿಸಿ ನೋಡತಕ್ಕದ್ದು ಎಂದು. ಅಂದರೆ ಚಿತ್ರವನ್ನಷ್ಟೇ ನಂಬಬೇಡಿ, ಆ ಮನುಷ್ಯರನ್ನು ಕೇಳಿ, ಮುಟ್ಟಿ ನೋಡಿ ಎಂದು ಬರೆದವರೇ ಹೇಳಿದ್ದರು. ಸಭೆಯಲ್ಲಿ ಅದನ್ನು ನಾನು ಓದಲಿಲ್ಲ. ಗಡಿಬಿಡಿಯಲ್ಲಿ ಕಣ್ಣು ತಪ್ಪಿರಬೇಕು.

ಈಗ ಯಾಕೆ ಇದೆಲ್ಲ ಅನ್ನುತ್ತೀಯ. ಮೊನ್ನೆ ಶುಕ್ರವಾರ ಪ್ರೆಸ್ಸಿನ ಕಟಿಂಗ್ ಮಶೀನಿನವನು ನನ್ನನ್ನು ನೋಡಲು ಬಂದಿದ್ದ. ನಿನ್ನ ಜಾಗದಲ್ಲಿ ಈಗ ಒಬ್ಬ ಹೆಂಗಸಿದ್ದಾಳಂತೆ, ಮೂವತ್ತೆರಡು ವರ್ಷ. ಅವಳೂ ಸ್ಟೂಲು ಕೇಳಿದ್ದಾಳೆ, ಅವಳ ಸ್ಕ್ಯಾನಿನಲ್ಲೂ ಏನೂ ಇಲ್ಲ. ಮೈಕಣ್ಣ ಹಳೆಯ ನಡಾವಳಿ ಪುಸ್ತಕ ತೆಗೆಸಿ, ಇಂಥದ್ದು ಆಗಲೇ ತೀರ್ಮಾನವಾಗಿದೆ ಅಂದರಂತೆ. 'ನಿಮ್ಮ ಮಾತನ್ನೇ ಓದಿದ್ರು ಸಾರ್, ಅಕ್ಷರ ಅಕ್ಷರ. ಎಲ್ಲರೂ ಮತ್ತೆ ನಕ್ಕರು' ಅಂತ ಅವನು ಸಂತೋಷದಿಂದಲೇ ಹೇಳಿದ. ಆ ಹೆಂಗಸು ನಗಲಿಲ್ಲವಂತೆ. ನಾನು ನಿವೃತ್ತನಾಗಿ ಮೂರು ವರ್ಷವಾದರೂ ನನ್ನ ಒಂದು ವಾಕ್ಯ ಅಲ್ಲಿ ಇನ್ನೂ ಕೆಲಸ ಮಾಡುತ್ತಿದೆ, ಒಬ್ಬಳನ್ನು ನಿಲ್ಲಿಸಿಯೇ ಇಟ್ಟಿದೆ. ಕೊನೆಯ ತೀರ್ಮಾನ ಇದೇ ಇಪ್ಪತ್ತೊಂದು, ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಊರಿನ ತಪ್ಪಿಗೆಲ್ಲ ಸಂಪಾದಕರಿಗೆ ಪತ್ರ ಬರೆದ ಮನುಷ್ಯ ನಾನು. ನನ್ನ ತಪ್ಪಿಗೆ ಯಾರಿಗೆ ಬರೆಯಬೇಕೆಂದು ನಾಲ್ಕು ದಿನ ಯೋಚಿಸಿ ನಿನಗೆ ಬರೆಯುತ್ತಿದ್ದೇನೆ.

ನಿನ್ನ ಅತ್ತಿಗೆ ನಿನ್ನನ್ನು ಬಹಳ ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಮಗಳಿಗೂ ಅಳಿಯಂದಿರಿಗೂ ನಮ್ಮ ಆಶೀರ್ವಾದ, ಮೊಮ್ಮಗಳಿಗೆ ಮುತ್ತು. ನಿನ್ನನ್ನು ಆಶೀರ್ವದಿಸಲು ಈ ಸಲ ಕೈ ಏಳುತ್ತಿಲ್ಲ, ಬರೀ ಕ್ಷೇಮ ಕೋರುತ್ತೇನೆ.

ನಿನ್ನ ಅಣ್ಣ

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೇಲೆ ಕಣ್ಣು ತಪ್ಪಿರಬೇಕು ಅಂದೆನಲ್ಲ, ಅದು ಸುಳ್ಳು. ಆ ಸಾಲನ್ನು ಹಿಂದಿನ ದಿನವೇ ಓದಿದ್ದೆ, ಅರ್ಥವೂ ಆಗಿತ್ತು. ಸಭೆಯಲ್ಲಿ ಅಲ್ಲಿಗೆ ಬಂದಾಗ, ತಂಗಿಯ ಪರ ವಕಾಲತ್ತು ಮಾಡಿದ ಅನ್ನುತ್ತಾರೆ ಎಂದು ಹೆದರಿ ಕಾಗದ ಮಡಚಿದೆ. ನ್ಯಾಯವಂತ ಅನ್ನಿಸಿಕೊಳ್ಳುವ ಆಸೆಗೆ ನಿನ್ನನ್ನು ಕೊಟ್ಟೆ. ಇಪ್ಪತ್ತೊಂದಕ್ಕೆ ನೀನು ಬರಬೇಕು. ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಲು ಆಗದಿದ್ದರೆ ಈ ಪತ್ರವನ್ನೇ ಆ ಹೆಂಗಸಿಗೆ ಕಳಿಸು, ಸಭೆಯಲ್ಲಿ ಅವಳು ಓದಲಿ. ಅಧ್ಯಕ್ಷರಿಗೆ ಇವತ್ತೇ ಲಿಖಿತವಾಗಿ ಕೇಳಿದ್ದೇನೆ: ಎಂಟು ವರ್ಷದಲ್ಲಿ ಆ ವರದಿಯನ್ನು ಪೂರ್ತಿ ಓದಿ ಎಂದು ನಿಮ್ಮಲ್ಲಿ ಒಬ್ಬರೂ ಯಾಕೆ ಕೇಳಲಿಲ್ಲ? ಒಬ್ಬ ಕೆಲಸಗಾರ್ತಿಗೆ ನೋವಿದೆಯೋ ಇಲ್ಲವೋ ಎಂದು ಕೈ ಎತ್ತಿಸಿ ತೀರ್ಮಾನಿಸುವ ಅಧಿಕಾರ ನಮಗೆ ಯಾರು ಕೊಟ್ಟರು? ಮೊದಲು ನಾನು ಉತ್ತರ ಕೊಡುತ್ತೇನೆ, ಆಮೇಲೆ ಸಮಿತಿ ಕೊಡಬೇಕು. ಎರಡೂ ಉತ್ತರ ಅದೇ ಊಟದ ಕೋಣೆಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಬರಬೇಕು.