ಹಳ್ಳ ಬಂದಿತ್ತು

ಶಕೀಲ,

ಸೋಮವಾರದ ಒಂದು ತಾಸಿನ ಮಾತಿಗೆ ನನಗಾದ ಖರ್ಚು: ಎಂಟು ಕಪ್ ಚಹಾ, ಹಳ್ಳದ ದಂಡೆಯಲ್ಲಿ ಮಾರದೆ ಉಳಿದಿದ್ದ, ಇನ್ನು ಯಾರೂ ಕೊಳ್ಳದ ಆರು ಪ್ಲಾಟು, ಹನ್ನೆರಡು ವರ್ಷ ಜೋಪಾನ ಮಾಡಿದ ಒಂದು ಸುಳ್ಳು.

ಇಡೀ ಏಷ್ಯಾದ ನದಿಗಳಲ್ಲಿ ಎಷ್ಟು ನೀರು ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಹುಡುಗಿಯೊಬ್ಬಳು ಮೈಸೂರಿನಿಂದ ನಮ್ಮ ಜೈನಾಪುರಕ್ಕೆ ಬಂದಿದ್ದಳು. ಎಲ್ಲಿ ನೀರು ಹಿಡಿದಿಡಬಹುದು, ಕಟ್ಟೆ ಎಷ್ಟು ಎತ್ತರ ಬೇಕು ಎಂಬುದು ಅದರಿಂದ ತಿಳಿಯುತ್ತದಂತೆ. ಲೆಕ್ಕ ಸರಿಯೋ ಎಂದು ನೋಡಲು, ನಮ್ಮ ಮನೆಯಲ್ಲಿ ಕೂಡಿದ ಊರವರನ್ನು ಹಳೆಯ ನೆರೆಯ ಗುರುತು ಕೇಳಿದಳು.

"ಹನ್ನೆರಡು ವರ್ಷದ ಹಿಂದ ನಮ್ಮ ಮಗಳು ನಂದಾನ ಲಗ್ನದಾಗ ಹಳ್ಳ ಬಂದಿತ್ತವಾ," ಎಂದಳು ಗೌರಾಬಾಯಿ.

"ಅದಕ್ಕೂ ಮೊದಲು ಹಳ್ಳ ಎಲ್ಲಿತ್ತು?" ಹುಡುಗಿ ಪೆನ್ನು ತೆಗೆದಳು.

"ಯವ್ವಾ, ಹಳ್ಳ ಇಲ್ಲೇ ಇತ್ತು. ಬಂದಿದ್ದು ನೀರು!"

ನೀರು ಎಲ್ಲಿಯವರೆಗೆ ಬಂತು ಎಂದು ಹುಡುಗಿ ಕೇಳಿದಾಗ ಎಲ್ಲರೂ ನನ್ನನ್ನು ನೋಡಿದರು. ನಿಮ್ಮ ಗೋಡೆಯ ಮೇಲೆ ನೀರು ಬಿಟ್ಟುಹೋದ ರಾಡಿಯ ಗೀಟನ್ನು ನೀನು ತೋರಿಸಿದಾಗ, ಎಮ್ಮೆ ಮೈ ತಿಕ್ಕಿದ್ದು ಎಂದು ಊರ ಮುಂದೆ ಆಡಿಕೊಂಡವನು ನಾನೇ. ನಾನಾಗ ಅಲ್ಲೇ ಪ್ಲಾಟು ಮಾರುತ್ತಿದ್ದೆ. ನೀನು ಆ ಗೀಟಿನ ಗುಂಟ ಡಾಂಬರು ಎಳೆದು, ಮರುತಿಂಗಳು ವಿಜಯಪುರ ಸೇರಿದೆ. ಈಗ ಹುಡುಗಿಯೂ ನನ್ನ ಆ ಮಾತನ್ನೇ ಬರೆದುಕೊಂಡಿದ್ದರೆ ಕಟ್ಟೆ ಗಿಡ್ಡಾಗಿ ಕೆಳಗಿನ ಮನೆಗಳಿಗೆ ನೀರು ನುಗ್ಗುತ್ತಿತ್ತು.

"ಶಕೀಲನ ಗೀಟು ಖರೇ ಐತ್ರಿ," ಎಂದೆ.

"ಹಂಗಾರ ಎಮ್ಮಿ ಎಲ್ಲಿ ಹೋತೋ, ಸಿದ್ದರಾಮಾ?" ಎಂದಳು ಗೌರಾಬಾಯಿ.

ಈ ಪತ್ರ ಕಳಿಸುವುದಿಲ್ಲ. ಕಳಿಸಿದರೆ ನೀನು ಅಲ್ಲಿನ ಸಿದ್ಧೇಶ್ವರ ಗುಡಿಯ ಸುತ್ತಲಿನ ಅಂಗಡಿಯವರಿಗೆಲ್ಲ ಓದಿ ಹೇಳುವ ಆಸಾಮಿ.

ಹುಡುಗಿಗೆ ಗುರುತು ಸಿಕ್ಕಿತು. ಕೆಳಗಿನ ಮನೆಯವರಿಗೆ ಮಳೆಗಾಲದ ನಿದ್ದೆ. ಗೌರಾಬಾಯಿಗೆ ವರ್ಷಕ್ಕಾಗುವಷ್ಟು ನಗು. ನಿನ್ನ ಗೀಟು ಏಷ್ಯಾದ ಲೆಕ್ಕದಲ್ಲಿ ಸೇರಿತು, ನಿನಗದು ಗೊತ್ತಿಲ್ಲ.