ಮೋಡದ ಈಚೆಯ ಬೆಳಕು

ಮಾರ್ಚ್ 3, ಬೆಳಿಗ್ಗೆ
ಹೆಂಡತಿ ರಾಮಾಯಿಗೆ ಇಡ್ಲಿ ತಿನ್ನಿಸಿ, ತಲೆ ಬಾಚಿದ್ದಾಯಿತು. ಇನ್ನು ಶೆಡ್ಡಿಗೆ — ಬನಿಯನ್ ಬಟ್ಟೆಯ ತೂತು, ಕಲೆ ಹುಡುಕುವ ಚೆಕಿಂಗ್ ಕಾಯುತ್ತಿದೆ. ಮರೆವಿನ ಕಾಯಿಲೆ ಅವಳಿಂದ ಮಗಳ ಹೆಸರನ್ನೂ ಕಿತ್ತುಕೊಂಡಿತು. ನನ್ನ ಕಂಡರೆ ಮಾತ್ರ ಇನ್ನೂ ನಗು. "ಉಂಡ್ರಾ?" ಎಲ್ಲ ನಷ್ಟದಲ್ಲೂ ನಾನೊಬ್ಬ ಉಳಿದುಕೊಂಡಿದ್ದೇನೆ. ಬುದ್ಧಿವಂತಿಕೆಯ ವ್ಯಾಪಾರ ಅವಳದು.

ಮಾರ್ಚ್ 5
ಕೃತ್ತಿಕಾ ರಜೆಗೆ ಬಂದಿದ್ದಾಳೆ. ಮಗಳು ಎಕ್ಸ್‌ರೇ ಓದುತ್ತಾಳೆ ಅಂತ ನಾನು ಊರಿಗೆಲ್ಲ ಹೇಳಿದ್ದೆ. ನನ್ನ ತಂಗಿ ಜಾನಮ್ಮ ತನ್ನ ಮಂಡಿಯ ಎಕ್ಸ್‌ರೇ ಫಿಲ್ಮ್ ತಂದು ಅವಳ ಕೈಗಿಟ್ಟಳು.
"ಅಯ್ಯೋ ಅತ್ತೆ, ನಂದು ಆಕಾಶದ ಎಕ್ಸ್‌ರೇ."
"ಆಕಾಶಕ್ಕೆ ಏನ್ ನೋವು, ನನ್ ಕಣ್ಣು?"
ಸಂಜೆ ಶೆಡ್ಡಿನಲ್ಲಿ ನನಗೆ ಬಿಡಿಸಿ ಹೇಳಿದಳು. ಚೆಕಿಂಗ್ ಮೇಜು, ಅಡಿಯಲ್ಲಿ ಟ್ಯೂಬ್‌ಲೈಟ್, ಮೇಲೆ ಬಟ್ಟೆ.
"ಆಕಾಶದ ತುಂಬ ಮಂದ ಎಕ್ಸ್‌ರೇ ಹೊಳಪು ಐತಪ್ಪ. ನಡುವೆ ಹೈಡ್ರೋಜನ್ ಗ್ಯಾಸಿನ ಮೋಡ. ಬಟ್ಟೆ ದಪ್ಪ ಇರೋ ಕಡೆ ಲೈಟ್ ಮಂಕಾಗಲ್ವಾ, ಹಂಗೆ."
"ಎಷ್ಟು ದಪ್ಪ ಆದ್ರೂ ಮಂಕಾಗ್ಲಿಲ್ಲ ಅಂದ್ರೆ?"
"ಆ ಬೆಳಕು ಹಿಂದಿಂದ ಬತ್ತಾ ಇಲ್ಲ ಅಂತ. ಮೋಡಕ್ಕೆ ಈಚೆ, ನಮ್ಮ ಪಕ್ಕದಿಂದಲೇ ಬತ್ತಾ ಐತೆ."

ಮಾರ್ಚ್ 9
ಅವಳ ಮಾತು ತಲೆಯಿಂದ ಇಳಿಯುತ್ತಿಲ್ಲ. ರಾಮಾಯಿಯ ಮರೆವು ದಪ್ಪವಾಗುತ್ತಲೇ ಇದೆ. ನಗು ಒಂದಿಷ್ಟೂ ಮಂಕಾಗಿಲ್ಲ. ಹಾಗಾದರೆ ಅದು ನನ್ನ ನೆನಪಿನಿಂದ ಬರುವ ನಗುವೇ ಅಲ್ಲವೇನೋ. ಇಷ್ಟು ದಿನ ಅದನ್ನೇ ನೋಡಿ ಹಿಗ್ಗಿದ್ದೆ...

ಮಾರ್ಚ್ 10
ಗ್ಯಾಸ್ ಹಾಕುವ ದಂಡಪಾಣಿ ಸಿಲಿಂಡರ್ ಹೊತ್ತು ತಂದ. ಅವನನ್ನು ಕಂಡು ರಾಮಾಯಿ ನಕ್ಕಳು. ಅದೇ ನಗು. "ಉಂಡ್ರಾ?"
"ಸಾಪ್ಟೇನ್ ಅಕ್ಕಾ!" — ಉಂಡೆ ಅಂತ ತಮಿಳಿನಲ್ಲಿ ಅವನು.
ಆಮೇಲೆ ಫ್ಯಾನನ್ನೂ ನೋಡಿ ನಕ್ಕು ಅದೇ ಕೇಳಿದಳು.
ಕೃತ್ತಿಕಾ ನನ್ನ ಮುಖ ನೋಡಿದಳು. "ಅಪ್ಪ, ಅದು ಆಕಾಶದ ಲೆಕ್ಕ. ಅಮ್ಮನ ಮೇಲೆ ಹಾಕ್ಬೇಡ."
"ನಾ ಹಾಕ್ಲಿಲ್ಲ ಕಣ್ಣು. ಅದಾಗೇ ಬಿತ್ತು."

ಮಾರ್ಚ್ 22
ಕೃತ್ತಿಕಾ ಹೋಗಿ ವಾರವಾಯಿತು. ಇವತ್ತು ಮಧ್ಯಾಹ್ನ ಎದುರಿಗೆ ನಿಂತು ಕೇಳಿಯೇಬಿಟ್ಟೆ — "ರಾಮಾಯಿ, ನಾ ಯಾರು?"
ನಗು ನಿಂತಿತು. ಸೆರಗು ಸರಿಮಾಡಿಕೊಂಡಳು, ಪರಗಂಡಸರ ಮುಂದೆ ಮಾಡುವ ಹಾಗೆ.
"ಬಟ್ಟೆ ವಿಷಯವಾ? ಕುಂತ್ಕೊಳ್ಳಿ. ನಮ್ಮ ಮನೇವ್ರು ಈಗ ಬಂದ್ಬಿಡ್ತಾರೆ. ಉಣ್ಣೋ ಹೊತ್ತು ತಪ್ಸೋರಲ್ಲ."
ಅವಳು ತೋರಿಸಿದ ಕುರ್ಚಿಯಲ್ಲಿ ಕುಳಿತೆ. ಅವಳು ಬಾಗಿಲನ್ನೇ ನೋಡುತ್ತಿದ್ದಳು. ಎಷ್ಟು ಆಸೆಯಿಂದ! ಮೂವತ್ತು ಚಿಲ್ಲರೆ ವರ್ಷ ಆ ಬಾಗಿಲಲ್ಲಿ ಒಳಗೆ ಬಂದವನು ನಾನು. ಹೀಗೆ ಕಾಯುತ್ತಿದ್ದುದನ್ನು ಒಳಗೆ ಕೂತು ನೋಡಿದವನಲ್ಲ.
ಹೊರಗೆ ಹೋಗಿ, ಚಪ್ಪಲಿ ಮೆಟ್ಟಿ, ಬಾಗಿಲು ತಟ್ಟಿ, ಅವಳ ಮನೆಯವನಾಗಿ ಬರೋಣ ಅನ್ನಿಸಿತು. ಎದ್ದೂ ನಿಂತೆ. ಆದರೆ ಬಂದವನಿಗೂ ಅವಳು ಕುರ್ಚಿ ತೋರಿಸಿಬಿಟ್ಟರೆ—