ಅಡುಗೆಯವಳ ಪುಸ್ತಕದ ಅಂಚಿನಲ್ಲಿ

ಫೆಬ್ರವರಿ 9, 1996
ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಎಲ್ನಾ,

ಅಳಿಯ ರಾಲ್ಫನ ಬೆನ್ನುನೋವು ಹೇಗಿದೆ? ಹಿಮ ಬಾಚುವಾಗ ಸೊಂಟ ಬಗ್ಗಿಸಬೇಡ, ಮೊಣಕಾಲು ಬಗ್ಗಿಸು ಎಂದು ನಾನು ಹೇಳಿದೆನೆಂದು ಹೇಳು. ಟಾಡನ ಕೆಮ್ಮು ಬಿಟ್ಟಿತೇ? ಮಿರಿಯಮ್‌ಳ ಹಲ್ಲಿಗೆ ತಂತಿ ಹಾಕಿಸಿದ್ದೀರಂತೆ, ಪಾಪ, ಗಟ್ಟಿ ಬ್ರೆಡ್ಡು ತಿನ್ನಲಾಗುತ್ತದೋ ಇಲ್ಲವೋ. ನಿನ್ನ ಅತ್ತೆ ಡಾಟಿಯವರಿಗೆ ಹೊಸ ಕನ್ನಡಕ ಒಗ್ಗಿತೇ? ಇಲ್ಲಿ ನಾನು ಕ್ಷೇಮ. ಮೊಣಕಾಲು ಮಾತ್ರ ಹವಾಮಾನ ವರದಿಗಿಂತ ಒಂದು ದಿನ ಮುಂಚೆ ಹಿಮದ ಸುದ್ದಿ ಕೊಡುತ್ತದೆ.

ನಿನ್ನ ಕಾಗದ ಬಂದು ನಾಲ್ಕು ವಾರ ಕಳೆದವು. ತಡ ಮಾಡಿದ್ದಕ್ಕೆ ಕ್ಷಮಿಸು. ಮೂರು ಸಲ ಬರೆಯಲು ಕುಳಿತು ಮೂರು ಸಲವೂ ಹಾಳೆಯನ್ನು ಸೌನಾದ ಹಬೆಕೋಣೆಯ ಒಲೆಗೆ ಹಾಕಿದೆ. ಫೋನು ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಎಲ್ಲದಕ್ಕೂ ಹೌದು ಹೌದು ಎಂದುಬಿಡುತ್ತೇನೆ. ಕ್ರಿಸ್‌ಮಸ್ ದಿನ ಆದದ್ದೂ ಅದೇ. "ಅಪ್ಪಾ, ಹನ್ನೊಂದು ವರ್ಷ ಆಯ್ತು. ಈ ಏಪ್ರಿಲ್‌ನಲ್ಲಾದ್ರೂ ಅಮ್ಮನ ಬೂದಿ ಬಿಟ್ಟ ಜಾಗ ತೋರಿಸ್ತೀಯಾ?" ಎಂದು ನೀನು ಕೇಳಿದೆ. ನಾನು ಉಸಿರು ತೆಗೆದುಕೊಳ್ಳುವ ಮೊದಲೇ "ತೋರಿಸ್ತೀನಿ ಮಗಳೇ" ಎಂದೆ. ಕಾಗದದಲ್ಲಿ ನೀನು ಅದನ್ನೇ ಮತ್ತೆ ಬರೆದು, ಏಪ್ರಿಲ್ 27ಕ್ಕೆ, ಟ್ರೌಟ್ ಮೀನು ಹಿಡಿಯಲು ಸರ್ಕಾರ ಹೊಳೆ ತೆರೆಯುವ ದಿನಕ್ಕೆ, ಮಕ್ಕಳನ್ನೂ ಕರೆದುಕೊಂಡು ಬರುತ್ತೇನೆ ಎಂದಿದ್ದೀಯ. ಬಾ. ಅದರ ವಿಷಯ ಕೆಳಗೆ ಬರೆಯುತ್ತೇನೆ.

ಈ ಚಳಿಗಾಲ ಏನು ಓದುತ್ತಿದ್ದೀಯ ಎಂದೂ ಕೇಳಿದ್ದೀಯ. ಎಲ್ಲವನ್ನೂ ಓದುತ್ತಿದ್ದೇನೆ. ಸೆಪ್ಟೆಂಬರ್ ಕೊನೆಗೆ ಹೊಳೆ ಮುಚ್ಚಿದ ಮೇಲೆ ನನಗೆ ಪುಸ್ತಕದ ಹೊರತು ಬೇರೆ ನೀರಿಲ್ಲ. ಕೆರೆಯ ಮೇಲೆ ಗುಡಿಸಲು ಹಾಕಿ, ಮಂಜುಗಡ್ಡೆಗೆ ತೂತು ಕೊರೆದು ಕೂರುವವರು ಇದ್ದಾರೆ, ಇರಲಿ. ಅದು ಮೀನು ಹಿಡಿಯುವುದಲ್ಲ, ತೂತಿನ ಪಕ್ಕ ಕೂರುವುದು.

ಮೊದಲು ಓದಿದ್ದು ಇಂಗ್ಲೆಂಡಿನ ಪಾದ್ರಿಯ ಪುಸ್ತಕ. ಹಿಡಿದ ಪ್ರತಿ ಮೀನಿಗೂ ಕ್ಷಮೆ ಕೇಳಿ, ಆಮೇಲೆ ಬೆಣ್ಣೆಯಲ್ಲಿ ಹುರಿಯುವ ಮನುಷ್ಯ. ಆಮೇಲೆ ಡಾಕ್ಟರನದು: ಟ್ರೌಟ್ ತಿನ್ನುವ ಒಂದೇ ಹುಳುವಿನ ರೆಕ್ಕೆಯ ಮೇಲೆ ನಲವತ್ತು ಪುಟ. ಮೊದಲ ಸಲ ಓದಿದಾಗ ಅದನ್ನು ಗೋಡೆಗೆ ಎಸೆದಿದ್ದೆ. ಈಗ ಅದಿಲ್ಲದೆ ಜನವರಿ ಕಳೆಯುವುದಿಲ್ಲ. ಆದರೆ ನನ್ನ ಮನಸ್ಸಿನ ಪುಸ್ತಕ ಯಾವುದೆಂದು ನಿನಗೆ ಗೊತ್ತು, ಮರ ಕಡಿಯುವ ಕ್ಯಾಂಪಿನ ಅಡುಗೆಯವಳದು. ನಲವತ್ತು ಜನರಿಗೆ ಬೇಯಿಸಿ ಹಾಕಿ, ಪಾತ್ರೆ ತೊಳೆದು, ಸಂಜೆ ಒಂದು ಗಂಟೆ ಒಬ್ಬಳೇ ಹೊಳೆಗೆ ಹೋಗುತ್ತಿದ್ದ ಹೆಂಗಸು. ಒಂದು ಪುಟದಲ್ಲಿ ಮೀನು, ಒಂದು ಪುಟದಲ್ಲಿ ಬೀನ್ಸ್ ಕಾಳು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಕ್ಯಾಂಪು ಸೇರಿದ ನನಗೆ ನಿನ್ನ ಅಮ್ಮ ಓದು ಕಲಿಸಿದ್ದು ಆ ಪುಸ್ತಕದಿಂದಲೇ. ಮಾರ್ತಾ ಬೆರಳಿಟ್ಟು ತೋರಿಸುವಳು, ನಾನು ಮರ ಎಳೆಯುವ ಕುದುರೆಯ ಹಾಗೆ ಒಂದೊಂದು ಪದ ಎಳೆಯುತ್ತಿದ್ದೆ.

ಈ ಸಲ ನಾನು ಓದುತ್ತಿರುವುದು ಬರೀ ಸಂತೋಷಕ್ಕಲ್ಲ. ನಿನ್ನ ಅಮ್ಮನನ್ನು ಬಿಟ್ಟ ಮಡುವಿಗೆ ಹೋಗುವ ದಾರಿಯನ್ನು ಇವುಗಳಲ್ಲಿ ಯಾವುದೋ ಒಂದರ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟಿದ್ದೆ. ನೀನು ಬರುವ ಮೊದಲು ಒಮ್ಮೆ ನೋಡಿಕೊಂಡರೆ ಒಳ್ಳೆಯದು ಅನಿಸಿತು. ಪಾದ್ರಿಯಲ್ಲಿ ಇರಲಿಲ್ಲ. ಡಾಕ್ಟರನಲ್ಲಿ ಹುಡುಕಿದೆ, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಹುಡುಕಿದೆ. ಇಲ್ಲ. ಅಡುಗೆಯವಳ ಪುಸ್ತಕ ಕಪಾಟಿನಲ್ಲೇ ಇರಲಿಲ್ಲ.

ನಿನ್ನೆ ಗುರುವಾರ. ನಮ್ಮ ಗುರುವಾರದ ಕೂಟ ಇನ್ನೂ ನಡೆದಿದೆ: ಉರ್ಹೊನ ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆ, ಅದೇ ಒಲೆ, ಅದೇ ಕಾಫಿ. ಮೊದಲು ಏಳು ಜನ ಇದ್ದೆವು, ಈಗ ಉರ್ಹೊ, ಗಸ್ಟ್ ಮತ್ತು ನಾನು. ಯಾರ ಸರದಿಯೋ ಅವರು ಪುಸ್ತಕ ತಂದು ಗಟ್ಟಿಯಾಗಿ ಓದಬೇಕು. ನಾನು ಬೂಟಿನ ಹಿಮವನ್ನೂ ಕೊಡವದೆ ಉರ್ಹೊನ ಮೇಲೆ ಬಿದ್ದೆ.

"ನನ್ನ ಅಡುಗೆಯವಳನ್ನ ಕೊಡೋ. ಹೋದ ವರ್ಷ ಒಯ್ದೋನು ಇನ್ನೂ ವಾಪಸ್ ಕೊಟ್ಟಿಲ್ಲ."

ಉರ್ಹೊ ಮೊಳೆ ತೂಗುತ್ತಿದ್ದವನು ತಲೆ ಎತ್ತಲಿಲ್ಲ. "ನನ್ ಹೆಂಡ್ತಿ ಇದ್ದಾಗ್ಲೇ ನಾನು ಬೇರೆಯವರ ಅಡುಗೆಯವಳನ್ನ ಮನೇಲಿ ಇಟ್ಕೊಂಡೋನಲ್ಲ. ಈಗ್ಯಾಕೆ ಇಟ್ಕೊಳ್ಳಲಿ?"

"ತಮಾಷೆ ಬೇಡ ಉರ್ಹೊ. ಅದ್ರಲ್ಲಿ ನನಗೆ ಬೇಕಾದ್ದು ಒಂದಿದೆ."

"ಅರ್ಮಾಸ್," ಎಂದ ಗಸ್ಟ್. ಅವನು ಮೆತ್ತಗೆ ಮಾತಾಡಿದರೆ ನನಗೆ ಭಯವಾಗುತ್ತದೆ, ಎಲ್ನಾ. ಅವನು ಹುಟ್ಟಾ ಜಗಳಗಂಟ. "ಹೋದ ಗುರುವಾರ ಅದನ್ನ ನೀನೇ ಅಲ್ವಾ ಓದಿದ್ದು? ಕರಡಿ ಬಂದು ಬೀನ್ಸ್ ಕಾಳಿನ ಪಾತ್ರೆ ನೆಕ್ಕಿದ ಭಾಗ. ನಾವು ನಗ್ತಾ ಇದ್ರೆ, ನಡುವೆ ಮಾತಾಡಬೇಡ್ರೋ ಅಂತ ಬೈದೆ."

"ನಾನು ಓದಿಲ್ಲ."

"ಕೋಟಿನ ಜೇಬು ನೋಡ್ಕೋ."

ನೋಡಿಕೊಂಡೆ. ಒಳಜೇಬಿನಲ್ಲಿತ್ತು. ವಾರವಿಡೀ ನಾನು ಅದನ್ನು ಎದೆಗೆ ಒತ್ತಿಕೊಂಡೇ ಓಡಾಡಿದ್ದೆ. ಉರ್ಹೊ ಕಾಫಿ ಸುರಿದುಕೊಟ್ಟ. ಅವನು ಒಂದು ತಮಾಷೆ ಮಾಡಿದ್ದರೆ ಚೆನ್ನಾಗಿತ್ತು.

ಆ ಸಾಲು ಅದರಲ್ಲೇ ಇತ್ತು, ನೂರ ಹನ್ನೆರಡನೆಯ ಪುಟದ ಅಂಚಿನಲ್ಲಿ, ನನ್ನದೇ ಕೈಬರಹ: "ರೈಲು ಸೇತುವೆಯಿಂದ ಮೇಲಕ್ಕೆ. ನೀರು ಬಲಗೈಗೆ. ಮೂರನೇ ತಿರುವು. ಮಾರ್ತಾ." ಇಷ್ಟೇ. ಓದಿದಾಗ ನನ್ನ ಕೈ ಬೆಚ್ಚಗಾಯಿತು, ಸಿಕ್ಕಿತಲ್ಲ ಎಂದು. ಅವರಿಬ್ಬರಿಗೂ ತೋರಿಸಿದೆ. ನಲವತ್ತು ವರ್ಷ ಈ ಇಬ್ಬರಿಂದ ಬಚ್ಚಿಟ್ಟ ಜಾಗವನ್ನು ಅವರ ಮೂಗಿನ ಕೆಳಗೆ ಹಿಡಿದೆ.

ಉರ್ಹೊ ಎರಡು ಸಲ ಓದಿದ. ಆಮೇಲೆ ಕೇಳಿದ: "ಇದನ್ನ ಯಾವಾಗ ಬರ್ದಿದ್ದು? ಹೊಳೆ ತೆರೆದಿದ್ದಾಗ್ಲೋ ಮುಚ್ಚಿದ್ದಾಗ್ಲೋ?"

ನೀನು ಚಿಕ್ಕವಳಿದ್ದಾಗ ಇದನ್ನು ಕೇಳಿ ನಗುತ್ತಿದ್ದೆ, ನೆನಪಿರಬಹುದು. ನಮ್ಮ ಕಡೆ ಟ್ರೌಟ್ ಹಿಡಿಯುವವರು ಬೇಸಿಗೆಯಲ್ಲಿ ಬರೆದಿಟ್ಟಿದ್ದರಲ್ಲಿ ಎಡವೆಂದರೆ ಬಲ, ಬಲವೆಂದರೆ ಎಡ. ಯಾರಾದರೂ ಪುಸ್ತಕ ಕದ್ದರೆ ನೇರ ಜೌಗಿನಲ್ಲಿ ಹೋಗಿ ಹೂತುಕೊಳ್ಳಲಿ ಎಂದು. ಚಳಿಗಾಲದಲ್ಲಿ ಬರೆದದ್ದು ಮಾತ್ರ ನಿಜ, ಏಕೆಂದರೆ ಹೆಪ್ಪುಗಟ್ಟಿದ ಹೊಳೆಯನ್ನು ಯಾರೂ ಕದಿಯುವುದಿಲ್ಲ. ಮಿಕ್ಕ ಪುಸ್ತಕಗಳು ಕಪಾಟು ಬಿಟ್ಟು ಕದಲುವುದಿಲ್ಲ, ಅವುಗಳಲ್ಲಿ ಬರೆದದ್ದೆಲ್ಲ ಚಳಿಗಾಲದ್ದೇ. ಆದರೆ ಅಡುಗೆಯವಳು ಬೇಸಿಗೆಯಲ್ಲೂ ನನ್ನ ಚೀಲದಲ್ಲಿ ಹೊಳೆಗೆ ಬರುತ್ತಾಳೆ. ಆ ಪುಟದಲ್ಲಿ ಒಂದು ಮೀನಿನ ಹುರುಪೆ ಅಂಟಿಕೊಂಡಿದೆ, ಅದರ ಪಕ್ಕದಲ್ಲೇ ಚಳಿಗಾಲದ ರಾತ್ರಿಯ ಮೇಣದ ಬತ್ತಿಯ ಕಲೆಯೂ ಇದೆ. ತಾರೀಖು ಹಾಕಿಲ್ಲ.

"ಹೆಂಡ್ತಿ ವಿಷ್ಯದಲ್ಲೂ ಸುಳ್ಳು ಬರೀತೀಯಾ?" ಎಂದ ಗಸ್ಟ್.

"ಮಡು ಅಂದ್ಮೇಲೆ ಬರೀತಾನೆ," ಎಂದ ಉರ್ಹೊ. "ನಾನಾಗಿದ್ರೂ ಬರೀತಿದ್ದೆ."

ಸೇತುವೆಯ ಹತ್ತಿರ ಎರಡು ಕವಲು ಕೂಡುತ್ತವೆ. ನೀರನ್ನು ಬಲಗೈಗೆ ಇಟ್ಟುಕೊಂಡು ದಡದಲ್ಲೇ ಮೇಲಕ್ಕೆ ನಡೆದರೆ ಒಂದು ಕವಲು, ಎಡಗೈಗೆ ಇಟ್ಟುಕೊಂಡು ನಡೆದರೆ ಇನ್ನೊಂದು. ಎರಡರ ಮೂರನೇ ತಿರುವಿನಲ್ಲೂ ಒಂದೊಂದು ಮಡು. ಎರಡೂ ನನ್ನವೇ. ಎರಡರಲ್ಲೂ ಮೂವತ್ತು ವರ್ಷ ಮೀನು ಹಿಡಿದಿದ್ದೇನೆ, ಈಗ ಕಣ್ಣು ಕಟ್ಟಿ ಬಿಟ್ಟರೂ ಎರಡಕ್ಕೂ ನಡೆದು ಹೋಗಬಲ್ಲೆ. ಅಮ್ಮ ಇರುವುದು ಒಂದರಲ್ಲಿ.

ಕಣ್ಣು ಕಟ್ಟುವುದು ಎಂದಾಗ ನೆನಪಾಯಿತು. ನಿನಗೆ ಆರು ವರ್ಷವಿದ್ದಾಗ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಒಮ್ಮೆ ಕರೆದೊಯ್ದಿದ್ದೆನಲ್ಲ? ಮಗುವಾದರೂ ಯಾರ ಹತ್ತಿರವಾದರೂ ಬಾಯಿ ಬಿಟ್ಟೀತು ಎಂದು ಸೇತುವೆಯಲ್ಲೇ ನಿನ್ನ ಕಣ್ಣಿಗೆ ನನ್ನ ಕರವಸ್ತ್ರ ಕಟ್ಟಿದೆ. ಎದುರಿಗೆ ಬಂದ ಸೀಡರ್ ಮರದ ಕೊಂಬೆಯನ್ನು ನಾನು ತಲೆ ಬಗ್ಗಿಸಿ ತಪ್ಪಿಸಿಕೊಂಡೆ, ನಿನಗೆ ಕಾಣಲಿಲ್ಲ. ಕಿವಿಯ ಹಿಂದೆ ಮೂರು ಹೊಲಿಗೆ. ಆದರೂ ನೀನು ಅಲ್ಲಿ ಬೆರಳುದ್ದದ ಮೀನು ಹಿಡಿದು, ರಕ್ತ ಸುರಿಸಿಕೊಂಡೇ ನಗುತ್ತಿದ್ದೆ. ಮನೆಗೆ ಬಂದಾಗ ಮಾರ್ತಾ ನನ್ನನ್ನು ನೋಡಿದ ನೋಟ ಇವತ್ತಿಗೂ ಬೆನ್ನಿಗೆ ಚುಚ್ಚುತ್ತದೆ. "ಮೀನಿಗಿರೋ ಬುದ್ಧೀಲಿ ಅರ್ಧ ನಿನಗಿದ್ದಿದ್ರೆ ಸಾಕಾಗಿತ್ತು," ಎಂದಳು.

ಆದರೆ ಕೊನೆಗೆ ಆಸ್ಪತ್ರೆಯಲ್ಲಿ ಅವಳು ಕೇಳಿದ್ದು ಅದೇ ಜಾಗ. "ಹುಡುಗೀನ ಕರ್ಕೊಂಡು ಹೋಗಿದ್ಯಲ್ಲ, ಅಲ್ಲೇ ನನ್ನ ಬಿಡು. ಅವಳು ನಕ್ಕಿದ್ದ ಜಾಗ ನಾನು ನೋಡೇ ಇಲ್ಲ." ಇದನ್ನು ನಾನು ನಿನಗೆ ಮೊದಲು ಹೇಳಿದ್ದೇನೋ ಇಲ್ಲವೋ ತಿಳಿಯದು.

ಶನಿವಾರ, ಬೆಳಿಗ್ಗೆ

ನಿನ್ನೆ ಇಲ್ಲಿಗೆ ನಿಲ್ಲಿಸಿದೆ. ರಾತ್ರಿ ಬಿದ್ದ ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ. ಏಲಕ್ಕಿ ಹಾಕಿದ ಬ್ರೆಡ್ಡು ಮಾಡಿದ್ದೇನೆ, ಅಮ್ಮ ಮಾಡಿದ ಹಾಗಲ್ಲ, ಒಂದು ಕಡೆ ಕಂತಿದೆ. ಒಂದು ತುಂಡನ್ನು ಮಿರಿಯಮ್‌ಳ ಹೆಸರಿನಲ್ಲಿ ಹಾಲಿನಲ್ಲಿ ಅದ್ದಿ ನಾನೇ ತಿಂದೆ.

ಟಾಡನಿಗೆ ಒಂದು ಪುಸ್ತಕ ಕಳಿಸು ಎಂದಿದ್ದೆಯಲ್ಲ, ಪಾದ್ರಿಯನ್ನು ಕಳಿಸುತ್ತಿದ್ದೇನೆ. ಮೊದಲ ಮೂರು ಅಧ್ಯಾಯ ಬಿಟ್ಟು ಓದಲಿ. ಡಾಕ್ಟರನನ್ನು ಮದುವೆಯಾದ ಮೇಲೆ ಓದಲಿ, ಅಷ್ಟು ಹೊತ್ತಿಗೆ ತಾಳ್ಮೆ ಬಂದಿರುತ್ತದೆ. ಅಡುಗೆಯವಳನ್ನು ನೀನು ಬಂದಾಗ ನಿನ್ನ ಕೈಗೇ ಕೊಡುತ್ತೇನೆ. ಇನ್ನು ಅದು ನನ್ನ ಜೇಬಿನಲ್ಲಿರುವುದಕ್ಕಿಂತ ನಿನ್ನ ಹತ್ತಿರ ಇರುವುದೇ ಒಳ್ಳೆಯದು.

ನಿಮ್ಮ ಮನೆಯ ಒಲೆ ಆರದಿರಲಿ, ರಾಲ್ಫನ ಬೆನ್ನು ನೆಟ್ಟಗಿರಲಿ, ಮಕ್ಕಳು ನಗುನಗುತ್ತಾ ಬೆಳೆಯಲಿ.

ನಿನ್ನ ಅಪ್ಪ,
ಅರ್ಮಾಸ್

ತಾಜಾಕಲಂ: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಒಂದು ವಿಷಯ ಬರೆದಿಲ್ಲ.

ಅಮ್ಮನಿಗೆ ಒಂಟಿಯಾಗಿ ಹೋಗಬೇಕೆಂದು ಆಸೆಯಿತ್ತು, ಅದಕ್ಕೇ ಯಾರನ್ನೂ ಕಾಯಲಿಲ್ಲ ಎಂದು ನಾನು ನಿನಗೆ ಹೇಳಿದ್ದೆ. ಅದು ಸುಳ್ಳು. ಮಿರಿಯಮ್ ಹುಟ್ಟಿ ನೀನು ಇನ್ನೂ ಹಾಸಿಗೆಯಲ್ಲಿದ್ದೆ. ಮೂರು ವಾರ ಕಾದಿದ್ದರೆ ನೀನು ಬರುತ್ತಿದ್ದೆ. ನಿನ್ನ ಜೊತೆ ರಾಲ್ಫ್, ಡಾಟಿ, ಚರ್ಚಿನ ಪಾದ್ರಿ, ಎಲ್ಲರೂ ಬರುತ್ತಿದ್ದರು. ಬಂದರೆ ಮಡುವನ್ನು ನೋಡಿಬಿಡುತ್ತಾರೆ ಎಂದು ನಾನೊಬ್ಬನೇ ಹೋದೆ. ಒಂದು ಮೀನಿನ ಮಡುವಿಗಾಗಿ ನಿನ್ನ ತಾಯಿಯನ್ನು ನಿನ್ನಿಂದ ಬಚ್ಚಿಟ್ಟೆ. ಆ ದಿನ ಮಳೆಯಿತ್ತು, ಬೂದಿಯ ಡಬ್ಬಿ ಅಂಗಿಯೊಳಗಿತ್ತು, ಇಷ್ಟು ಬಿಟ್ಟರೆ ಬೇರೇನೂ ನೆನಪಿಲ್ಲ. ಯಾವ ಕವಲು ಎಂದು ನೆನಪಿಲ್ಲ. ವರ್ಷವರ್ಷವೂ ಹೋಗಿ ಹೂವಿಟ್ಟು ಬರುತ್ತೇನೆ ಎನ್ನುತ್ತಿದ್ದೆನಲ್ಲ, ಒಂದು ವರ್ಷವೂ ಹೋಗಿಲ್ಲ. ಕಳೆದ ಅಕ್ಟೋಬರಿನಲ್ಲಿ ಮೊದಲ ಸಲ ಹೋದೆ. ಎರಡು ಮಡುವಿನ ದಡದಲ್ಲೂ ಟೋಪಿ ತೆಗೆದು ನಿಂತೆ. ಎರಡರಲ್ಲೂ ಅವಳು ಇದ್ದಾಳೆ ಅನಿಸಿತು, ಆಮೇಲೆ ಎರಡರಲ್ಲೂ ಇಲ್ಲ ಅನಿಸಿತು.

ಆದ್ದರಿಂದ ಕೇಳುತ್ತೇನೆ, ಬೇಸರಪಡಬೇಡ. ಆ ದಡಗಳಲ್ಲಿ ಒಂದು ಕೈಗೆ ನೀರು, ಇನ್ನೊಂದು ಕೈಗೆ ಸೀಡರ್. ಅಮ್ಮ ಕೇಳಿದ ಆ ಮಡುವಿಗೆ ಹೋಗುವಾಗ ನಿನಗೆ ಕೊಂಬೆ ತಗುಲಿದ್ದು ಸೀಡರ್ ಇದ್ದ ಕಡೆಯಿಂದ. ಗಾಯ ಎಡಗಿವಿಯ ಹಿಂದಿದ್ದರೆ ನೀರು ಬಲಗೈಗಿತ್ತು, ನಾನು ಬರೆದದ್ದು ನಿಜ. ಬಲಗಿವಿಯ ಹಿಂದಿದ್ದರೆ ಸುಳ್ಳು. ಗೋಡೆಯ ಮೇಲಿರುವ ನಿನ್ನ ಫೋಟೋಗಳನ್ನೆಲ್ಲ ಇಳಿಸಿ ನೋಡಿದೆ, ಎಲ್ಲದರಲ್ಲೂ ಕೂದಲು ಮುಚ್ಚಿದೆ. ನಾನೇ ಹೊತ್ತ ಮಗಳು, ನಾನೇ ಮಾಡಿದ ಗಾಯ, ಯಾವ ಕಿವಿಯೆಂದು ನನಗೆ ಗೊತ್ತಿಲ್ಲ, ಎಲ್ನಾ.

ಕನ್ನಡಿಯಲ್ಲಿ ನೋಡಬೇಡ, ಅದೂ ನನ್ನ ಹಾಗೆಯೇ ಎಡವನ್ನು ಬಲ ಮಾಡುತ್ತದೆ. ಬೆರಳಿಟ್ಟು ಮುಟ್ಟಿ ನೋಡು. ನೋಡಿದ ಕೂಡಲೇ ಬರೆ.